ಸಹಾಯ ಬೇಕು: ಊದುಬತ್ತಿಯಲ್ಲಿ ಕೆಮ್ಮು ತರಿಸುವುದು ಹೊಗೆಯೋ, ಸೆಂಟೋ?

ಅಮ್ಮನಿಗೆ ಆಸ್ತಮಾ ಇದೆ. ಊದುಬತ್ತಿ ಹಚ್ಚಿದರೆ ಸಾಕು, ಕೆಮ್ಮು ಶುರು. ಆದರೂ ಆ ಪರಿಮಳ ಅವರಿಗೇ ಬೇಕು!

ಕಿಟಕಿ ತೆರೆದಿಟ್ಟೆವು, ಬತ್ತಿಯನ್ನು ಅರ್ಧಕ್ಕೇ ಆರಿಸಿದೆವು. ಸ್ವಲ್ಪ ವಾಸಿ, ಅಷ್ಟೇ. ಸೆಂಟಿನಲ್ಲಿ ಅದ್ದಿದ ಇದ್ದಿಲಿನ ಬತ್ತಿ ಬಿಟ್ಟು, ಗಂಧದ ಪುಡಿ, ಹಾಲ್ಮಡ್ಡಿ (ಒಂದು ಮರದ ಪರಿಮಳದ ಅಂಟು), ಜಿಗಟು (ಅಂಟಿಸುವ ತೊಗಟೆ ಪುಡಿ) ಕಲಸಿದ ಮಸಾಲೆ ಬತ್ತಿ ತಂದೆವು. ಕೆಮ್ಮು ನಿಲ್ಲಲಿಲ್ಲ. ಬಿದಿರು ಕಡ್ಡಿಯೇ ಇಲ್ಲದ ಧೂಪ ಇನ್ನೂ ಜಾಸ್ತಿ ಹೊಗೆ ಬಿಟ್ಟಿತು. ಪೊಟ್ಟಣದ ಮೇಲೆ ‘ನೈಸರ್ಗಿಕ’ ಅಂತ ದೊಡ್ಡದಾಗಿ ಇದೆ, ಒಳಗೇನಿದೆ ಅಂತ ಒಂದು ಸಾಲೂ ಇಲ್ಲ.

ಏನು ಉರಿದರೂ ಸಣ್ಣ ಕಣಗಳು ಬರುತ್ತವೆ, ಅದು ಗೊತ್ತು. ಹಾಗಾದರೆ ಸೆಂಟಿಲ್ಲದ ಬತ್ತಿಯಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದಾ? ಇಲ್ಲಾ, ಉರಿಸದೆ ಬರೀ ಬಿಸಿ ಮಾಡಿ ಪರಿಮಳ ಬರಿಸುವ ಕರೆಂಟಿನ ಧೂಪದಾನಿಯೇ ಸರಿಯಾ? ಆಸ್ತಮಾ ಇರುವ ಮನೆಯಲ್ಲಿ ಬಳಸಿದವರು ಹೇಳಿ.