ಹೊಗೆ ಗಾಡಿಗೆ ಕಾಯುವುದು ಬೇಡ, ಈ ಭಾನುವಾರ ನಿಂತ ನೀರು ಚೆಲ್ಲೋಣ

ಮನೆ 17:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ನಮ್ಮ ಸಾಲಿನಲ್ಲೇ ಮೂರು ಮನೆಯಲ್ಲಿ ಡೆಂಗಿ ಬಂದಿದೆ. ಬೆಳಿಗ್ಗೆಯಿಂದ ಈ ಗುಂಪಿನಲ್ಲಿ ಒಂದೇ ಮಾತು: ಸೊಳ್ಳೆಗೆ ಹೊಗೆ ಹಾಕುವ ಗಾಡಿ ಯಾಕೆ ಬಂದಿಲ್ಲ, ಯಾರಿಗೆ ಫೋನ್ ಮಾಡಬೇಕು. ಸ್ಥಳೀಯ ಸುದ್ದಿಯಲ್ಲೂ ಅದೇ ಫೋಟೊ. ಹೆಗಲ ಮೇಲೆ ಮೆಷಿನ್, ಸುತ್ತ ಬಿಳಿ ಹೊಗೆ, ಕೆಳಗೆ ಸೊಳ್ಳೆ ನಿಯಂತ್ರಣಕ್ಕೆ ಕ್ರಮ ಅಂತ ಒಂದು ಸಾಲು. ಎಷ್ಟು ಮನೆಗೆ ಹೋಗಿ ನೋಡಿದರು, ಎಲ್ಲೆಲ್ಲಿ ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆ ಮರಿ, ಸಿಕ್ಕಿತು, ಅದನ್ನು ಯಾರೂ ಬರೆದಿಲ್ಲ, ನಾವೂ ಕೇಳಿಲ್ಲ. ನನಗೆ ಬೇಜಾರಾಗಿರುವುದು ಇದಕ್ಕೇ.

ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನೊಳಗಿರುವ ಮರಿಗೆ ಏನೂ ಆಗುವುದಿಲ್ಲ. ಗಾಡಿಯ ಸದ್ದು ಕೇಳಿದ ಕೂಡಲೇ ನಾವೆಲ್ಲ ಏನು ಮಾಡುತ್ತೇವೆ ಹೇಳಿ? ಓಡಿ ಹೋಗಿ ಕಿಟಕಿ ಬಾಗಿಲು ಮುಚ್ಚುತ್ತೇವೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕೂತಿರುವುದೇ ಮನೆಯೊಳಗೆ. ಮಂಚದ ಕೆಳಗೆ, ಪರದೆಯ ಹಿಂದೆ, ನೇತುಹಾಕಿದ ಬಟ್ಟೆಗಳ ನಡುವೆ. ಬೀದಿಯಲ್ಲಿ ಹೊಗೆ ಹಾಕಿ ಬಾಗಿಲು ಮುಚ್ಚಿಕೊಂಡರೆ ಅದಕ್ಕೆ ತಟ್ಟುವುದೇ ಇಲ್ಲ. ರೋಗ ಜೋರಾದಾಗ ಹೊಗೆ ಸ್ವಲ್ಪ ಉಪಯೋಗಕ್ಕೆ ಬರಬಹುದು, ಬೇಡ ಅನ್ನುತ್ತಿಲ್ಲ. ಅದೊಂದನ್ನೇ ನಂಬಿಕೊಂಡು ಕೂರುವುದು ತಪ್ಪು ಅಂತ ನನ್ನ ಅಭಿಪ್ರಾಯ.

ನಿನ್ನೆ ಸಂಜೆ ಟಾರ್ಚ್ ಹಿಡಿದು ನಮ್ಮ ತಾರಸಿಗೆ ಹೋಗಿದ್ದೆ. ನಮ್ಮದು ತುಂಬ ಕ್ಲೀನ್ ಮನೆ ಅಂತಲೇ ಅಂದುಕೊಂಡಿದ್ದವಳು ನಾನು. ಹೂಕುಂಡದ ಕೆಳಗಿನ ತಟ್ಟೆಯಲ್ಲಿ ಎರಡು ಬೆರಳು ನೀರಿತ್ತು, ತಿಳಿಯಾದ ನೀರು. ಬಗ್ಗಿ ನೋಡಿದರೆ ದಾರದ ಎಳೆಯಂಥ ಹುಳುಗಳು ಬಾಲ ಮೇಲೆ, ತಲೆ ಕೆಳಗೆ ಮಾಡಿಕೊಂಡು ನೇತಾಡುತ್ತಿದ್ದವು. ನನ್ನ ಕೈಯ ನೆರಳು ಬಿದ್ದ ತಕ್ಷಣ ಎಲ್ಲವೂ ನುಲಿದುಕೊಂಡು ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಉಸಿರಾಡಲು ಒಂದೊಂದೇ ಮತ್ತೆ ಮೇಲೆ ಬಂದವು. ಆ ತಟ್ಟೆಯ ಪಕ್ಕದಲ್ಲೇ ನನ್ನ ಮಗ ದಿನಾ ಕೂತು ಓದುತ್ತಾನೆ. ಹೋದ ವರ್ಷ ಅವನಿಗೂ ಡೆಂಗಿ ಆಗಿತ್ತು. ಆಗ ನಾನು ಬೈದಿದ್ದು ಮೂಲೆಯ ಚರಂಡಿಯನ್ನು.

ಮೊಟ್ಟೆಯಿಂದ ಸೊಳ್ಳೆಯಾಗಿ ಹಾರುವುದಕ್ಕೆ ಬಿಸಿಲಿನ ಕಾಲದಲ್ಲಿ ಸುಮಾರು 7ರಿಂದ 10 ದಿನ ಸಾಕು. ಅದಕ್ಕೇ ವಾರಕ್ಕೊಂದು ದಿನ ಅಂತ ಹೇಳುವುದು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಹೆಚ್ಚಿನ ಮರಿಗಳು ರೆಕ್ಕೆ ಬರುವ ಮೊದಲೇ ಸಾಯುತ್ತವೆ. ಬರೀ ಚೆಲ್ಲಿದರೆ ಸಾಲದು, ಇದು ನನಗೂ ಗೊತ್ತಿರಲಿಲ್ಲ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿದ ಹಾಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತುಂಬಿದ ದಿನ ಒಡೆದು ಮರಿಯಾಗುತ್ತದೆ. ಹಾಗಾಗಿ ಬ್ರಷ್ ಹಾಕಿ ಉಜ್ಜಲೇಬೇಕು.

ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ಎಲ್ಲ ಮನೆಯವರೂ ಒಟ್ಟಿಗೆ ಮಾಡೋಣ, ಆಮೇಲೆ ಪ್ರತಿ ಭಾನುವಾರ. ಒಪ್ಪಿಗೆ ಇದ್ದವರು ಮನೆ ಸಂಖ್ಯೆ ಹಾಕಿ.

ಮನೆ 9:
ಮೇಡಂ, ಸೊಳ್ಳೆ ಬರುತ್ತಿರುವುದು ಆ ಚರಂಡಿಯಿಂದಲೇ. ಮೂರು ತಿಂಗಳಿಂದ ಹೂಳು ತೆಗೆದಿಲ್ಲ. ರಾತ್ರಿ ಮಲಗುವುದಕ್ಕೇ ಆಗುವುದಿಲ್ಲ. ಅದನ್ನು ಬಿಟ್ಟು ಹೂಕುಂಡ ಅಂದರೆ ಹೇಗೆ? ತಪ್ಪೆಲ್ಲ ನಮ್ಮದೇ ಅಂತ ಆಗಲಿಲ್ವಾ?

ಮನೆ 17:
ಸರ್, ನಿಮ್ಮ ಸಿಟ್ಟು ಸರಿಯಾಗೇ ಇದೆ. ಚರಂಡಿ ಕ್ಲೀನ್ ಆಗಲೇಬೇಕು, ದೂರು ಬರೆಯುವಾಗ ಮೊದಲ ಸಹಿ ನನ್ನದೇ. ಆದರೆ ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವುದು ಹೆಚ್ಚಾಗಿ ಕ್ಯೂಲೆಕ್ಸ್, ಕೊಳಕು ನೀರಿನದ್ದು. ಈಡಿಸ್ ಬೇರೆ. ಕಪ್ಪು ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಕಚ್ಚುವುದು ಹಗಲು ಹೊತ್ತು, ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು ಜಾಸ್ತಿ. ಅದು ತುಂಬ ದೂರ ಹಾರುವುದೂ ಇಲ್ಲ, ಹೆಚ್ಚೆಂದರೆ ಕೆಲವು ನೂರು ಮೀಟರ್. ನಮ್ಮ ಬೀದಿಯಲ್ಲಿ ಕಚ್ಚುತ್ತಿದೆ ಅಂದರೆ ನಮ್ಮ ಬೀದಿಯಲ್ಲೇ ಎಲ್ಲೋ ಹುಟ್ಟಿದೆ. ಯಾರ ಮನೆ ಅಂತ ಬೆರಳು ತೋರಿಸುವುದಕ್ಕಲ್ಲ ಸರ್, ಸಿಕ್ಕಿದ್ದು ನಮ್ಮ ಮನೆಯಲ್ಲೇ ಅಲ್ವಾ.

ಮನೆ 31:
ನೀನು ಹೇಳುವುದು ಸರಿ ಕಣಮ್ಮ. ಆದರೆ ನೀರು ಬರುವುದು ಮೂರು ದಿನಕ್ಕೊಮ್ಮೆ, ಅದೂ ಯಾವ ಹೊತ್ತಿಗೋ ಗೊತ್ತಿಲ್ಲ. ಎರಡು ಡ್ರಮ್ ತುಂಬಿಸಿ ಇಟ್ಟುಕೊಂಡಿದ್ದೇನೆ. ಅದನ್ನು ಚೆಲ್ಲು ಅಂದರೆ ಈ ವಯಸ್ಸಿನಲ್ಲಿ ಮತ್ತೆ ಎಲ್ಲಿಂದ ಹೊರಲಿ?

ಮನೆ 17:
ಅಯ್ಯೋ ಅಮ್ಮ, ಆ ನೀರು ಚೆಲ್ಲುವುದು ಬೇಡ. ತೆಳು ಬಟ್ಟೆ ಹಾಸಿ, ಬಾಯಿ ಸುತ್ತ ಸಂದಿ ಇಲ್ಲದಂತೆ ಹಗ್ಗದಲ್ಲಿ ಬಿಗಿಯಾಗಿ ಕಟ್ಟಿ. ಮೇಲೆ ಸುಮ್ನೆ ಹಲಗೆ ಇಟ್ಟರೆ ಆಗುವುದಿಲ್ಲ, ಸಂದಿಯಲ್ಲಿ ನುಗ್ಗುತ್ತದೆ. ಡ್ರಮ್ ಖಾಲಿಯಾದ ದಿನ ನನಗೆ ಹೇಳಿ, ನಾನು ಮತ್ತು ಮಗ ಬಂದು ಉಜ್ಜಿ ಕೊಡುತ್ತೇವೆ.

ನೀವು ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ನಲ್ಲಿಯಲ್ಲಿ ನೀರು ಸರಿಯಾಗಿ ಬಂದರೆ ಯಾರು ಡ್ರಮ್ ತುಂಬಿಸಿ ಇಡುತ್ತಾರೆ? ಜನ ನೀರು ಕೂಡಿಡುವುದು ಆಸೆಗಲ್ಲ, ಭಯಕ್ಕೆ. ಆದ್ದರಿಂದ ನಮ್ಮ ದೂರಿನಲ್ಲಿ ಹೊಗೆ ಗಾಡಿಗಿಂತ ಮೊದಲು ನೀರು ಬಿಡುವ ದಿನ, ಗಂಟೆ ಬರೆದು ಹಾಕಿ ಅಂತ ಕೇಳೋಣ. ಸೊಳ್ಳೆ ಅಂದರೆ ಆರೋಗ್ಯದವರು, ನೀರು ಅಂದರೆ ಬೇರೆಯವರು ಅಂತ ಕಳಿಸಿಬಿಡುತ್ತಾರೆ. ಎರಡೂ ಕಡೆಗೆ ಒಂದೇ ಕಾಗದ, ಎರಡು ಪ್ರತಿ ಕೊಡೋಣ. ಕೊಟ್ಟಿದ್ದಕ್ಕೆ ಮುದ್ರೆ ಹಾಕಿಸಿಕೊಳ್ಳದೆ ಬರುವುದು ಬೇಡ.

ಮನೆ 4:
ಒಪ್ಪಿಗೆ, ಮನೆ 4. ಆದರೆ ಬೀಗ ಹಾಕಿರುವ ಮನೆಗಳು? ಮತ್ತೆ ತಿರುವಿನಲ್ಲಿ ಕಟ್ಟುತ್ತಿರುವ ಬಿಲ್ಡಿಂಗ್? ಅಲ್ಲಿ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ತಾರಸಿ ತುಂಬ ನೀರು ನಿಲ್ಲಿಸಿದ್ದಾರೆ, ಲಿಫ್ಟ್ ಗುಂಡಿಯಲ್ಲೂ ನೀರಿದೆ.

ಮನೆ 17:
ಅಣ್ಣ, ನನಗೆ ಜಾಸ್ತಿ ಭಯ ಇರುವುದು ಅದರದ್ದೇ. ಮೊದಲು ಅಲ್ಲಿನ ಮೇಸ್ತ್ರಿ ಹತ್ತಿರ ಮಾತಾಡೋಣ. ಅಲ್ಲಿ ಕೆಲಸ ಮಾಡುವವರು ಶೆಡ್‌ನಲ್ಲಿ ಮಲಗುತ್ತಾರೆ, ಮೊದಲು ಕಚ್ಚಿಸಿಕೊಳ್ಳುವವರು ಅವರೇ, ಅವರ ಮಕ್ಕಳೇ. ಗುಂಡಿ ನೀರನ್ನು ಪಂಪ್ ಮಾಡಿ ತೆಗೆಯಲಿ. ತೆಗೆಯಲಾಗದ ಕಡೆಗೆ ಲಾರ್ವಾ ಕೊಲ್ಲುವ ಔಷಧಿ ಹಾಕಿಸಲು ಆರೋಗ್ಯ ಸಿಬ್ಬಂದಿಯನ್ನು ಕರೆಸೋಣ. ಬೀಗ ಹಾಕಿದ ಮನೆಗಳ ಮಾಲೀಕರ ನಂಬರ್ ಗೊತ್ತಿರುವವರು ಫೋನ್ ಮಾಡಿ, ಇಲ್ಲಿ ಹಾಕಬೇಡಿ. ಗೋಡೆ ಹಾರಿ ಒಳಗೆ ಹೋಗುವುದು ಬೇಡ.

ಹೀಗೆ ಮನೆಮನೆ ನೋಡಿದರೆ ಆಗುತ್ತದಾ ಅಂತ ಕೆಲವರು ಪರ್ಸನಲ್ ಆಗಿ ಕೇಳಿದರು. ಆಗಿದೆ. ಕ್ಯೂಬಾದ ಹವಾನಾದಲ್ಲಿ ಕಾರ್ಲೋಸ್ ಫಿನ್ಲೇ ಅನ್ನುವ ಡಾಕ್ಟರು 1881ರಲ್ಲೇ ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆ ಅಂದರು. ಎಷ್ಟೋ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1901ರಲ್ಲಿ ಅಮೆರಿಕದ ಸೈನ್ಯದ ಡಾಕ್ಟರು ವಿಲಿಯಂ ಗೋರ್ಗಸ್ ಅವರ ತಂಡ ಮನೆಮನೆಗೆ ಹೋಗಿ ನೀರಿನ ಪಾತ್ರೆ ಮುಚ್ಚಿಸಿತು, ನಿಂತ ನೀರು ಚೆಲ್ಲಿಸಿತು, ರೋಗಿಗಳನ್ನು ಸೊಳ್ಳೆ ಪರದೆಯೊಳಗೆ ಇರಿಸಿತು. ಅದೇ ವರ್ಷ ಆ ಊರಲ್ಲಿ ಹಳದಿ ಜ್ವರ ನಿಂತಿತು. ಆ ಸೊಳ್ಳೆಯೂ ಇದೇ ಈಡಿಸ್.

ಮನೆ 22:
ಅಕ್ಕ, ನಮ್ಮ ಪಾಪುಗೆ ಮೂರು ದಿನದಿಂದ ಜ್ವರ. ರಿಪೋರ್ಟ್‌ನಲ್ಲಿ ಡೆಂಗಿ ಅಂತ ಬಂದಿದೆ. ಇವತ್ತು ಜ್ವರ ಕಡಿಮೆಯಾಗಿದೆ. ಇನ್ನು ಪರವಾಗಿಲ್ಲ ಅಲ್ವಾ?

ಮನೆ 17:
ತಂಗಿ, ಈಗಲೇ ಮೈಮರೆಯಬೇಡ. ನನ್ನ ಮಗನಿಗೂ ಹೀಗೇ ಜ್ವರ ಇಳಿಯಿತು, ನಾವು ನಿಟ್ಟುಸಿರು ಬಿಟ್ಟೆವು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಜೋಪಾನ ಅಂತ ಡಾಕ್ಟರು ಹೇಳಿದ್ದರು. ಹೊಟ್ಟೆನೋವು ಜೋರಾದರೆ, ಮೇಲಿಂದ ಮೇಲೆ ವಾಂತಿಯಾದರೆ, ಮೂಗು ಅಥವಾ ವಸಡಿನಲ್ಲಿ ರಕ್ತ ಬಂದರೆ, ಉಚ್ಚೆ ಕಡಿಮೆಯಾದರೆ, ತುಂಬ ಮಂಕಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡ, ರಕ್ತಸ್ರಾವ ಹೆಚ್ಚಾಗಬಹುದು. ಪ್ಯಾರಾಸಿಟಮಾಲ್ ಕೂಡ ಡಾಕ್ಟರು ಹೇಳಿದಷ್ಟೇ ಕೊಡು. ಹಗಲಿನಲ್ಲೂ ಪಾಪುವನ್ನು ಸೊಳ್ಳೆ ಪರದೆಯೊಳಗೇ ಮಲಗಿಸು. ಪಾಪುಗೆ ಕಚ್ಚಿದ ಸೊಳ್ಳೆ ಕೆಲವು ದಿನದ ಮೇಲೆ ಇನ್ನೊಬ್ಬರಿಗೆ ವೈರಸ್ ದಾಟಿಸುತ್ತದೆ.

ಮತ್ತೆ ಎಲ್ಲರಿಗೂ: ಒಂದು ಸಲ ಬಂದು ಹೋಯಿತು, ಇನ್ನು ಬರುವುದಿಲ್ಲ ಅಂದುಕೊಳ್ಳಬೇಡಿ. ಡೆಂಗಿ ವೈರಸ್ಸಿನಲ್ಲಿ 4 ಬಗೆ ಇದೆ. ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಅಪಾಯ ಹೆಚ್ಚು. ಆ ತಟ್ಟೆ ನೋಡಿ ನನ್ನ ಎದೆ ಧಸಕ್ ಅಂದಿದ್ದು ಇದಕ್ಕೇ.

ರಾತ್ರಿ ಹೊತ್ತಲ್ಲಿ ಏನೇ ಆದರೂ ಫೋನ್ ಮಾಡು ತಂಗಿ, ನಮ್ಮ ಕಾರಿದೆ.

ಮನೆ 9:
ಮೇಡಂ, ಈಗ ಹೋಗಿ ನೋಡಿದೆ. ಎಸಿ ನೀರು ಹನಿಯಲಿ ಅಂತ ಇಟ್ಟ ಬಕೆಟ್ಟಿನಲ್ಲಿ ಹುಳು ಇದೆ. ಮಣ್ಣಿಗೆ ಸುರಿದು ಬಕೆಟ್ ಉಜ್ಜಿದೆ. ಭಾನುವಾರ ನಾನೂ ಬರುತ್ತೇನೆ. ಏಣಿ ನನ್ನ ಹತ್ತಿರ ಇದೆ, ಶೀಟ್ ಮನೆಗಳ ಮೇಲೆ ಟಾರ್ಪಾಲಿನ್ ಮಡಿಕೆಯಲ್ಲಿ ನಿಂತ ನೀರು ನಾನು ನೋಡಿಕೊಳ್ಳುತ್ತೇನೆ. ಚರಂಡಿಯ ಫೋಟೊ ಕೂಡ ತೆಗೆದಿಟ್ಟಿದ್ದೇನೆ, ದೂರಿನ ಜೊತೆ ಲಗತ್ತಿಸಿ.

ಮನೆ 17:
ತುಂಬ ಥ್ಯಾಂಕ್ಸ್ ಸರ್. ಈವರೆಗೆ ಒಪ್ಪಿದವರು: 4, 9, 17, 22, 31. 22ರವರು ಬರುವುದು ಬೇಡ, ಪಾಪು ಹತ್ತಿರ ಇರಲಿ, ಅವರ ತಾರಸಿ ನಾನು ನೋಡುತ್ತೇನೆ. ದೂರಿನ ಕರಡು ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಶನಿವಾರ ಸಂಜೆ 6ಕ್ಕೆ ಸಹಿ ಹಾಕಲು 31ರ ಗೇಟ್ ಹತ್ತಿರ ಬನ್ನಿ, ಅಮ್ಮನಿಗೆ ಮೆಟ್ಟಿಲು ಇಳಿದು ದೂರ ಬರಲು ಆಗುವುದಿಲ್ಲ. ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಬನ್ನಿ, ಅದು ಅವು ಕಚ್ಚುವ ಹೊತ್ತು.