ಸಹಾಯ ಬೇಕು: ಕ್ಷಮೆ ಕೇಳುವುದೂ ಹಿಂಸೆಯೇ?

1996ರಲ್ಲಿ, ಬಸವನಗುಡಿಯ ಶಾಲೆಯೊಂದರ ಎಂಟನೇ ತರಗತಿಯಲ್ಲಿ, ಉಗ್ಗುತ್ತಿದ್ದ ಸಹಪಾಠಿಯೊಬ್ಬನನ್ನು ಹಾಜರಿಯ ಹೊತ್ತಿಗೆ ಅಣಕಿಸಿ ಇಡೀ ತರಗತಿಯನ್ನು ನಗಿಸುತ್ತಿದ್ದವನು ನಾನೇ. (ಆಗ ಅದನ್ನು ತಮಾಷೆ ಎನ್ನುತ್ತಿದ್ದೆ, ಈಗ ಆ ಪದ ಬಾಯಿಗೆ ಬರುವುದಿಲ್ಲ.) ಕಳೆದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಫೋನಿನಲ್ಲಿ ಸರಾಗವಾಗಿ ಮಾತನಾಡುತ್ತಿದ್ದ ಅವನು, ನನ್ನನ್ನು ಕಂಡೊಡನೆ 'ಪ' ಅಕ್ಷರದಲ್ಲೇ ಸಿಕ್ಕಿಕೊಂಡು, ಮಾತು ಮುಗಿಸದೆ ಎದುರಿಗೆ ಬಂದ ಬಸ್ ಹತ್ತಿಬಿಟ್ಟ. ಆಮೇಲೆ ಗೆಳೆಯನೊಬ್ಬನ ಕೈಯಲ್ಲಿ ಕ್ಷಮಾಪಣೆಯ ಪತ್ರ ಕಳುಹಿಸಿದೆ. ಲಕೋಟೆ ಒಡೆಯದೆಯೇ ಹಿಂದಿರುಗಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದಾಗ ಸಮಾಧಾನದಿಂದ ಕೇಳಿಸಿಕೊಂಡರು, ಆದರೆ ನಾನು ಹುಡುಕುತ್ತಿರುವುದು ನನ್ನ ನೆಮ್ಮದಿಯನ್ನಲ್ಲ. ಇಂತಹ ಅಣಕವನ್ನು ಸ್ವತಃ ಅನುಭವಿಸಿದವರು ದಯವಿಟ್ಟು ತಿಳಿಸಿ: ಒಡೆಯದ ಆ ಲಕೋಟೆಯನ್ನೇ ಅವನ ಕೊನೆಯ ಉತ್ತರವೆಂದು ತಿಳಿದು ನಾನು ದೂರ ಉಳಿಯಬೇಕೇ, ಅಥವಾ ಇನ್ನೊಂದು ಸಲ ಪ್ರಯತ್ನಿಸಬಹುದೇ?