ಸೂಳೆಕೆರೆ ಬಂಗಾಳ ಕೊಲ್ಲಿಗೆ ಹೋಗಿ ಬಿದ್ದಿದೆ, ಕ್ಯೂಜಿಐಎಸ್ ಬಲ್ಲವರು ದಯವಿಟ್ಟು ನೋಡಿ

ಅಡಿಕೆತೋಟ_ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂಎ ಭೂಗೋಳ ಓದುತ್ತಿದ್ದೇನೆ. ಸೂಳೆಕೆರೆಯಲ್ಲಿ ನೀರು ಎಷ್ಟು ಎಕರೆಗೆ ಹರಡಿದೆ ಅಂತ ಉಪಗ್ರಹ ಚಿತ್ರದಿಂದ ಲೆಕ್ಕ ಹಾಕೋದು ನನ್ನ ಪ್ರಾಜೆಕ್ಟ್. ಹೇಳಿಕೊಡುವವರು ಹತ್ತಿರದಲ್ಲಿ ಯಾರೂ ಇಲ್ಲ. ಕ್ಯೂಜಿಐಎಸ್ (ನಕ್ಷೆ ಮಾಡುವ ಸಾಫ್ಟ್‌ವೇರ್) ಅನ್ನು ಯೂಟ್ಯೂಬ್ ನೋಡಿಯೇ ಕಲಿಯುತ್ತಿದ್ದೇನೆ.

ಕೋಪರ್ನಿಕಸ್ ಬ್ರೌಸರ್‌ನಿಂದ ಫೆಬ್ರವರಿಯ ಒಂದು ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡೆ. ಮೋಡ ಇಲ್ಲ, ಚೆನ್ನಾಗಿದೆ. ಸುಮಾರು ಒಂದು ಜಿಬಿ ಇತ್ತು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಒಂದು ರಾತ್ರಿ ಪೂರ್ತಿ ಹಿಡಿಯಿತು. ಆಮೇಲೆ ವಿಡಿಯೋದಲ್ಲಿ ತೋರಿಸಿದ ಹಾಗೇ ಒಂದೊಂದೇ ಮಾಡುತ್ತಾ ಹೋದೆ. ಲೇಯರ್ ಮೇಲೆ ರೈಟ್ ಕ್ಲಿಕ್, ಸೆಟ್ ಲೇಯರ್ ಸಿಆರ್‌ಎಸ್ (ಚಿತ್ರ ಭೂಮಿಯ ಮೇಲೆ ಎಲ್ಲಿ ಕೂರಬೇಕು ಅಂತ ಹೇಳುವ ನಿರ್ದೇಶಾಂಕ ಪದ್ಧತಿ), 32644. ಆಮೇಲೆ ಕೆರೆಯ ಭಾಗ ಮಾತ್ರ ಕ್ಲಿಪ್ ಮಾಡಿದೆ. ಎನ್‌ಡಿಡಬ್ಲ್ಯೂಐ, ಅಂದರೆ ನೀರನ್ನು ಗುರುತಿಸುವ ಸೂಚ್ಯಂಕ, ತೆಗೆದೆ. 0.3ಕ್ಕಿಂತ ಜಾಸ್ತಿ ಇದ್ದದ್ದು ನೀರು.

ಈಗ ಎರಡು ತೊಂದರೆ. ಒಂದು, ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿದರೆ ನನ್ನ ಕೆರೆ ನೆಲ್ಲೂರು ದಾಟಿ ಸಮುದ್ರದೊಳಗೆ ಕೂತಿದೆ. ಎರಡು, ಕೆರೆಯ ನಡುವೆ ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ನೀರೇ ಇಲ್ಲ ಅಂತ ತೋರಿಸುತ್ತಿದೆ. ಆ ಫೆಬ್ರವರಿಯಲ್ಲಿ ಕೆರೆ ತುಂಬಿತ್ತು, ಕಣ್ಣಾರೆ ನೋಡಿದ್ದೇನೆ.

ಮೂರು ರಾತ್ರಿ ಆಯ್ತು. ಎಲ್ಲಿ ತಪ್ಪುತ್ತಿದ್ದೇನೆ?

ಮಂಡಕ್ಕಿಮಿರ್ಚಿ

ಅನ್‌ಇನ್‌ಸ್ಟಾಲ್ ಮಾಡಿ ಇನ್ನೊಮ್ಮೆ ಹಾಕಿ ನೋಡಿ. ನನಗೆ ಒಂದ್ಸಲ ಹಂಗೇ ಸರಿಹೋಯ್ತು.

ಕೋಟೆಕಲ್ಲು_ದುರ್ಗ

ಬೇಡ ತಂಗಿ, ಏನೂ ತೆಗೀಬೇಡ. ಸಾಫ್ಟ್‌ವೇರ್ ಸರಿಯಾಗಿಯೇ ಇದೆ. ಎರಡು ವಿಷಯ ಹೇಳು. ಇಳಿಸಿಕೊಂಡ ಫೈಲ್ ಹೆಸರಿನಲ್ಲಿ ಟಿ ಅಂತ ಬಂದು ಎರಡು ಅಂಕಿ ಇರುತ್ತದೆ, ಅದೇನು? ಅದೇ ಹೆಸರಿನಲ್ಲಿ ಎನ್ ಅಂತ ಬಂದು ನಾಲ್ಕು ಅಂಕಿ ಇರುತ್ತದೆ, ಅದೇನು? ಹಾಗೇ ಆ ವಿಡಿಯೋದವರು ಯಾವ ಊರಿನ ಕೆರೆ ತೋರಿಸಿದ್ದಾರೆ, ಯಾವ ವರ್ಷದ್ದು ಅಂತಲೂ ನೋಡು.

ಅಡಿಕೆತೋಟ_ಚನ್ನಗಿರಿ

ಅಣ್ಣ, ಟಿ43ಪಿ ಅಂತ ಶುರುವಾಗುತ್ತದೆ. ಇನ್ನೊಂದು ಎನ್0511. ವಿಡಿಯೋ 2020ರದ್ದು, ಹೈದರಾಬಾದ್ ಹತ್ತಿರದ ಒಂದು ಕೆರೆ. (ನೀವು ಎರಡು ಅಂದು ನಾಲ್ಕು ಕೇಳಿದಿರಿ!)

ಕೋಟೆಕಲ್ಲು_ದುರ್ಗ

ನಾಲ್ಕರಲ್ಲೇ ಉತ್ತರ ಇದೆ ನೋಡು. ಒಂದು ತೊಂದರೆ ಊರಿನಿಂದ ಬಂದದ್ದು, ಇನ್ನೊಂದು ವರ್ಷದಿಂದ.

ಮೊದಲು ಸಮುದ್ರದ್ದು. ಯುಟಿಎಂ ಅನ್ನೋ ಪದ್ಧತಿಯಲ್ಲಿ ಭೂಮಿಯನ್ನು ಉದ್ದುದ್ದಕ್ಕೆ 60 ಪಟ್ಟಿಯಾಗಿ ಸೀಳಿದ್ದಾರೆ. ಒಂದೊಂದು ಪಟ್ಟಿ 6 ಡಿಗ್ರಿ ಅಗಲ. ಪೂರ್ವ ರೇಖಾಂಶ 72ರಿಂದ 78ರವರೆಗೆ 43ನೇ ವಲಯ. ದಾವಣಗೆರೆ, ಚಿತ್ರದುರ್ಗ ಎರಡೂ ಇದರೊಳಗೆ ಬರುತ್ತವೆ. 78 ದಾಟಿದರೆ 44. ಹೈದರಾಬಾದ್ ಸುಮಾರು ಎಪ್ಪತ್ತೆಂಟೂವರೆಯಲ್ಲಿದೆ, ಅಂದರೆ 44ರಲ್ಲಿ. ಆ ಮೇಷ್ಟ್ರು ಅವರ ಊರಿಗೆ ಸರಿಯಾದ ನಂಬರನ್ನೇ ಒತ್ತಿದ್ದಾರೆ. ನೀನು ಅದನ್ನೇ ಸೂಳೆಕೆರೆಗೆ ಒತ್ತಿದೆ. ನಿನಗೆ ಬೇಕಾದದ್ದು 32643. ಅದರಲ್ಲಿ ಕೊನೆಯ 43 ಇದೆಯಲ್ಲ, ಅದೇ ವಲಯ. 326 ಅಂದರೆ ಉತ್ತರಾರ್ಧ ಗೋಳ.

ಈಗ ಕೆರೆ ಯಾಕೆ ಸಮುದ್ರಕ್ಕೇ ಹೋಯಿತು? ಪ್ರತಿ ವಲಯದಲ್ಲೂ ನಡುಗೆರೆಗೆ 5,00,000 ಮೀಟರ್ ಅಂತ ಕೊಟ್ಟು ಅಲ್ಲಿಂದ ಪೂರ್ವ ಪಶ್ಚಿಮ ಎಣಿಸುತ್ತಾರೆ. ಸೂಳೆಕೆರೆ 43ರಲ್ಲಿ ಆರು ಲಕ್ಷದ ಹತ್ತಿರ ಬರುತ್ತದೆ. ಆದರೆ ಆರು ಲಕ್ಷ ಅನ್ನೋ ಅಂಕಿ 44ರಲ್ಲೂ ಇದೆ, 45ರಲ್ಲೂ ಇದೆ. ದಾವಣಗೆರೆಯಲ್ಲಿ "3ನೇ ಮೇನ್, 8ನೇ ಕ್ರಾಸ್" ಅಂತ ಆಟೋದವನಿಗೆ ಹೇಳಿದರೆ ಏನು ಕೇಳುತ್ತಾನೆ? ವಿದ್ಯಾನಗರನಾ, ಎಂಸಿಸಿ ಬಿ ಬ್ಲಾಕಾ ಅಂತ. ಬಡಾವಣೆ ತಪ್ಪು ಹೇಳಿದರೆ ವಿಳಾಸ ಸರಿ ಇದ್ದರೂ ಬೇರೆ ಮನೆ ಮುಂದೆ ಇಳಿಸುತ್ತಾನೆ. ನೀನು ಬಡಾವಣೆ ತಪ್ಪು ಹೇಳಿದೆ. ಅದು 6 ಡಿಗ್ರಿ, ಅಂದರೆ ನಮ್ಮ ಅಕ್ಷಾಂಶದಲ್ಲಿ ಸುಮಾರು 650 ಕಿಲೋಮೀಟರ್ ಪೂರ್ವಕ್ಕೆ ಕರೆದುಕೊಂಡು ಹೋಯಿತು. ಅಲ್ಲಿ ಬಂಗಾಳ ಕೊಲ್ಲಿ.

ಇನ್ನೂ ಒಂದು ಗೊಂದಲ ಇದೆ, ಇದರಲ್ಲಿ ಬೀಳದವರು ಕಡಿಮೆ. "ಸೆಟ್ ಲೇಯರ್ ಸಿಆರ್‌ಎಸ್" ಅನ್ನೋದು ಚಿತ್ರವನ್ನು ಬದಲಿಸುವುದಿಲ್ಲ. ಬರೀ ಚೀಟಿ ಬದಲಿಸುತ್ತದೆ. ನಿಮ್ಮ ಕಡೆ ಅಡಿಕೆ ಮೂಟೆ ಮೇಲೆ ಬೆಟ್ಟೆ ಅಂತ ಇದ್ದ ಚೀಟಿ ಕಿತ್ತು ರಾಶಿ ಅಂತ ಅಂಟಿಸಿದರೆ ಒಳಗಿನ ಅಡಿಕೆ ಬದಲಾಗುತ್ತಾ? ನಿಜವಾಗಿ ಬದಲಿಸಬೇಕು ಅಂದರೆ ಪಿಕ್ಸೆಲ್ ಚಿತ್ರಕ್ಕೆ ರಾಸ್ಟರ್ ಮೆನುವಿನಲ್ಲಿ ವಾರ್ಪ್ ಇದೆ, ಗೆರೆ ಎಳೆದು ಮಾಡಿದ ವೆಕ್ಟರ್‌ಗೆ ರೀಪ್ರಾಜೆಕ್ಟ್ ಲೇಯರ್ ಇದೆ. ಚೀಟಿಯೇ ಇಲ್ಲದೆ ಬಂದ ಫೈಲ್‌ಗೆ ಮಾತ್ರ ಸೆಟ್ ಬಳಸು. ಸೆಂಟಿನೆಲ್ ಚಿತ್ರ ಸರಿಯಾದ ಚೀಟಿ ಅಂಟಿಸಿಕೊಂಡೇ ಬರುತ್ತದೆ. ಟಿ43 ಅಂತ ಹೆಸರಲ್ಲೇ ಬರೆದಿದ್ದಾರೆ. ಅದನ್ನು ಮುಟ್ಟುವುದೇ ಬೇಡ.

ಎರಡನೇದನ್ನು ಊಟ ಮಾಡಿ ಬಂದು ಬರೆಯುತ್ತೇನೆ.

ಅಡಿಕೆತೋಟ_ಚನ್ನಗಿರಿ

ಮೂಲ ಚಿತ್ರ ಜಾಗಕ್ಕೆ ಬಂತು! ಆದರೆ ಕ್ಲಿಪ್ ಮಾಡಿಟ್ಟ ತುಂಡು ಇನ್ನೂ ಸಮುದ್ರದಲ್ಲೇ ಇದೆ ಅಣ್ಣ.

ಕೋಟೆಕಲ್ಲು_ದುರ್ಗ

ಅದನ್ನು ಉಳಿಸುವಾಗ ತಪ್ಪು ಚೀಟಿ ಫೈಲಿನೊಳಗೇ ಸೇರಿಕೊಂಡಿದೆ. ಅಸೈನ್ ಪ್ರೊಜೆಕ್ಷನ್ ಅಂತ ಟೂಲ್ ಇದೆ, ಅದರಲ್ಲಿ 32643 ಕೊಡು. ಇಲ್ಲವೇ ಆ ತುಂಡು ಬಿಸಾಕಿ ಹೊಸದಾಗಿ ಕ್ಲಿಪ್ ಮಾಡು. ನಾನಾದರೆ ಬಿಸಾಕುತ್ತಿದ್ದೆ.

ಈಗ ನೀರು ಮಾಯವಾದ ಕಥೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಸಂಸ್ಕರಣೆ ಬದಲಾಯಿತು. ಆವೃತ್ತಿ 04.00. ಅಲ್ಲಿಂದ ಪ್ರತಿ ಪಿಕ್ಸೆಲ್‌ನ ಅಂಕಿಗೆ 1000 ಸೇರಿಸಿ ಕೊಡುತ್ತಾರೆ. ಕತ್ತಲೆ ಜಾಗದಲ್ಲಿ ಸೊನ್ನೆಗಿಂತ ಕೆಳಗಿನ ಬೆಲೆ ಬಂದರೆ ಕತ್ತರಿಸಿ ಹೋಗಬಾರದು ಅಂತ ಈ ವ್ಯವಸ್ಥೆ. ನಿನ್ನ ಎನ್0511 ಅಂದರೆ ಆವೃತ್ತಿ 05.11. ಅಂದರೆ 1000 ಸೇರಿದೆ. 2020ರ ವಿಡಿಯೋದಲ್ಲಿ ಈ ಮಾತೇ ಬಂದಿರಲ್ಲ, ಪಾಪ, ಅವರ ತಪ್ಪಲ್ಲ.

ಉದಾಹರಣೆಗೆ ಒಂದು ನೀರಿನ ಪಿಕ್ಸೆಲ್ ತಗೋ. ಹಸಿರು ಪಟ್ಟಿಯಲ್ಲಿ (ಬಿ03) ನಿಜವಾದ ಬೆಲೆ 600, ಅತಿಕೆಂಪು ಸಮೀಪದ ಪಟ್ಟಿಯಲ್ಲಿ (ಬಿ08) 200 ಅಂದುಕೋ. ನೀರು ಆ ಕಿರಣವನ್ನು ನುಂಗುತ್ತದೆ, ಹಾಗಾಗಿ ಕಡಿಮೆ. ಕಳೆದರೆ 400, ಕೂಡಿದರೆ 800, ಭಾಗಿಸಿದರೆ 0.5. ಇದು ನೀರೇ. ಈಗ ಎರಡಕ್ಕೂ 1000 ಸೇರಿಸು. 1600, 1200. ಕಳೆದರೆ ಈಗಲೂ 400, ಆದರೆ ಕೂಡಿದರೆ 2800. ಭಾಗಿಸಿದರೆ 0.14. ನಿನ್ನ 0.3ರ ಜರಡಿಯಲ್ಲಿ ಪೂರ್ತಿ ಸೋರಿಹೋಯಿತು.

ಮೇಲಿನ ಅಂಕಿ ಹೇಗೂ ಬದಲಾಗಲ್ಲ, ಹಾಗಾಗಿ ಸೂತ್ರದಲ್ಲಿ ಕೆಳಗೆ ಮಾತ್ರ 2000 ಕಳೆದರೆ ಸಾಕು:

(ಬಿ03 − ಬಿ08) / (ಬಿ03 + ಬಿ08 − 2000)

ಎರಡು ಎಚ್ಚರಿಕೆ. ಚಿತ್ರದ ದಿನಾಂಕ ನೋಡಿ ತೀರ್ಮಾನ ಮಾಡಬೇಡ, ಹೆಸರಿನ ಎನ್ ಅಂಕಿ ನೋಡು. ಹಳೆಯ ಚಿತ್ರಗಳನ್ನೂ 05.00 ಆವೃತ್ತಿಯಲ್ಲಿ ಮತ್ತೆ ತಯಾರಿಸಿ ಇಟ್ಟಿದ್ದಾರೆ, ಅವುಗಳಲ್ಲೂ 1000 ಸೇರಿರುತ್ತದೆ. ಮುಂದೆ ಗೂಗಲ್ ಅರ್ಥ್ ಎಂಜಿನ್ ಬಳಸಿದರೆ ಅಲ್ಲಿ ಹಾರ್ಮೊನೈಸ್ಡ್ ಅನ್ನೋ ಸಂಗ್ರಹದಲ್ಲಿ ಮೊದಲೇ ಕಳೆದಿರುತ್ತಾರೆ. ಅಲ್ಲಿ ಇನ್ನೊಮ್ಮೆ ಕಳೆದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಹಾಂ, ಆ 0.3 ಕೂಡ ಹೈದರಾಬಾದಿನ ಕೆರೆಯದ್ದು. ಹಿಸ್ಟೋಗ್ರಾಂ (ಯಾವ ಬೆಲೆಯ ಪಿಕ್ಸೆಲ್ ಎಷ್ಟಿವೆ ಅಂತ ತೋರಿಸುವ ಚಿತ್ರ) ತೆಗೆದು ನೋಡು. ನೆಲದ ಗುಡ್ಡ ಒಂದು, ನೀರಿನ ಗುಡ್ಡ ಒಂದು ಕಾಣುತ್ತದೆ. ನಡುವಿನ ಹಳ್ಳದಲ್ಲಿ ಗೆರೆ ಹಾಕು. ಸೊನ್ನೆಯಿಂದ ಶುರು ಮಾಡಿ ನೋಡಬಹುದು.

ಅಡಿಕೆತೋಟ_ಚನ್ನಗಿರಿ

ಅಣ್ಣಾ, ಕೆರೆ ತುಂಬಿತು! ಆದರೆ ಈಗ ಜಾಸ್ತಿಯೇ ತುಂಬಿದೆ. ಸೊನ್ನೆ ಇಟ್ಟರೆ ಕೆರೆಯ ಆಚೆ ಹೊಲಗಳೆಲ್ಲ ನೀಲಿ.

ಭದ್ರಾನಾಲೆ

ಇದಕ್ಕೆ ನಾನು ಹೇಳ್ತೀನಿ, ರೈತನ ಮಗ. ಮೇಡಂ, ಫೆಬ್ರವರಿ ಚಿತ್ರ ಅಂದ್ರಲ್ಲ. ಭದ್ರಾ ಕಾಲುವೆ ನೀರು ಬರುವ ಕಡೆ ಬೇಸಿಗೆ ಭತ್ತದ ನಾಟಿ ಆಗಿರುತ್ತದೆ. ಗದ್ದೆ ತುಂಬಾ ನೀರು ನಿಂತಿರುತ್ತದೆ, ಪೈರು ಇನ್ನೂ ಚಿಕ್ಕದು. ಉಪಗ್ರಹ ಸುಳ್ಳು ಹೇಳ್ತಿಲ್ಲ, ಅದು ನೀರೇ. ಕೆರೆ ನೀರಲ್ಲ ಅಷ್ಟೇ.

ಪೈರು ಬೆಳೆದು ಮುಚ್ಚಿಕೊಂಡ ಮೇಲಿನ ಚಿತ್ರ ತಗೊಳ್ಳಿ, ಮಾರ್ಚ್ ಕೊನೆಯದ್ದು. ಫೆಬ್ರವರಿಯದ್ದೇ ಬೇಕು ಅಂದರೆ ಕೆರೆಯ ಸುತ್ತ ಒಂದು ಪಾಲಿಗನ್ ಎಳೆದು ಹೊರಗಿನದ್ದನ್ನು ಕತ್ತರಿಸಿ. ಇನ್ನೊಂದು, ಅಂಚಿನಲ್ಲಿ ಜೊಂಡು ಬೆಳೆದಿದ್ದರೆ ಅದರಡಿ ನೀರಿದ್ದರೂ ಗಿಡ ಅಂತಲೇ ಬರುತ್ತದೆ. ಒಂದು ಭಾನುವಾರ ಹೋಗಿ ಏರಿ ಮೇಲೆ ನಿಂತು ನೋಡಿ ಬನ್ನಿ. ಅದು ಯಾವ ವಿಡಿಯೋದಲ್ಲೂ ಸಿಗಲ್ಲ.

ವೇದಾವತಿ_ಹಿರಿಯೂರು

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಜಾತಿಯ ರೋಗ ಇರಬಹುದು. ಮಾರಿಕಣಿವೆ ಹತ್ತಿರದ ಗುಡ್ಡಗಳ ಇಳಿಜಾರು ತೆಗೆಯೋಣ ಅಂತ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಹಾಕಿದೆ. ಎಲ್ಲಿ ನೋಡಿದರೂ 89 ಡಿಗ್ರಿ! ಬಯಲು ಹೊಲವೂ ಗೋಡೆ ಥರ ನಿಂತಿದೆ.

ಕೋಟೆಕಲ್ಲು_ದುರ್ಗ

ಅದೇ ರೋಗ ಸರ್. ಎಸ್‌ಆರ್‌ಟಿಎಂ ಫೈಲಿನಲ್ಲಿ ಎತ್ತರ ಮೀಟರ್‌ನಲ್ಲಿ, ಅಡ್ಡ ಅಳತೆ ಡಿಗ್ರಿಯಲ್ಲಿ. ಒಂದು ಪಿಕ್ಸೆಲ್ 0.00028 ಡಿಗ್ರಿ. ಸಾಫ್ಟ್‌ವೇರ್ ಅದನ್ನೂ ಮೀಟರ್ ಅಂದುಕೊಂಡರೆ, ಕೂದಲೆಳೆ ದೂರದಲ್ಲಿ ಎರಡು ಮೀಟರ್ ಏರಿದ ಹಾಗೆ. ಗೋಡೆಯೇ ಆಗುತ್ತದೆ. ವಾರ್ಪ್ ಮಾಡಿ 32643ಕ್ಕೆ ತನ್ನಿ, ಆಮೇಲೆ ಸ್ಲೋಪ್ ತೆಗೀರಿ. ಅವಸರ ಇದ್ದರೆ ಜಿಡಿಎಎಲ್ ಸ್ಲೋಪ್ ಟೂಲ್‌ನಲ್ಲಿ ಸ್ಕೇಲ್ ಜಾಗದಲ್ಲಿ 111120 ಕೊಡಬಹುದು, ಆದರೆ ವಾರ್ಪ್ ಮಾಡೋದೇ ಮೇಲು.

ವೇದಾವತಿ ನದಿ ಎರಡು ಗುಡ್ಡದ ನಡುವಿನ ಸಂದಿಯಲ್ಲಿ ನುಗ್ಗೋ ಜಾಗ ಇಳಿಜಾರು ನಕ್ಷೆಯಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ಅಷ್ಟು ಕಿರಿದಾದ ಬಾಯಿ ಸಿಕ್ಕಿದ್ದಕ್ಕೇ 1907ರಲ್ಲಿ ಅಣೆಕಟ್ಟು ಅಲ್ಲಿ ಎದ್ದು ನಿಂತಿತ್ತು. ನಕ್ಷೆ ಬಂದ ಮೇಲೆ ಇಲ್ಲಿ ಹಾಕಿ ಸರ್, ನೋಡೋ ಆಸೆ ಇದೆ.

ಅಡಿಕೆತೋಟ_ಚನ್ನಗಿರಿ

ಕೊನೆಯ ಪ್ರಶ್ನೆ. ಎಕರೆ ಹೇಗೆ? ಒಂದು ಕಡೆ ಏರಿಯಾ ಕೇಳಿದರೆ 0.0 ಅಂತ ಶುರುವಾಗುವ ಏನೋ ಸಣ್ಣ ಅಂಕಿ ಬರುತ್ತದೆ, ಇನ್ನೊಂದು ಕಡೆ ಕೋಟಿಗಟ್ಟಲೆ.

ಕೋಟೆಕಲ್ಲು_ದುರ್ಗ

ಪಾಲಿಗನ್ ಅನ್ನು 4326ರಲ್ಲಿ (ಡಿಗ್ರಿ ಲೆಕ್ಕದ ಅಕ್ಷಾಂಶ ರೇಖಾಂಶ) ಬರೆದಿದ್ದೀಯ ಅಲ್ವಾ? ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ಬರೀ ಏರಿಯಾ ಅನ್ನೋ ಫಂಕ್ಷನ್‌ಗೆ ಜಿಯೊಮೆಟ್ರಿ ಕೊಟ್ಟರೆ ಲೇಯರ್‌ನ ಮಾನದಲ್ಲೇ ಲೆಕ್ಕ ಹಾಕುತ್ತದೆ. ಅದು "ಚದರ ಡಿಗ್ರಿ", ಯಾವ ಉಪಯೋಗಕ್ಕೂ ಬಾರದ್ದು. ಡಾಲರ್ ಗುರುತಿನ ಏರಿಯಾ ಪ್ರಾಜೆಕ್ಟಿನ ಎಲಿಪ್ಸಾಯ್ಡ್ (ಭೂಮಿಯ ದುಂಡು ಆಕಾರ) ಹಿಡಿದು ಲೆಕ್ಕ ಮಾಡುತ್ತದೆ. ಆ ಕೋಟಿ ಅಂಕಿ ಚದರ ಮೀಟರ್. ಅದೇ ಸರಿ.

ನಿನಗೆ ಪಾಲಿಗನ್ ಕೂಡ ಬೇಡ. ರಾಸ್ಟರ್ ಲೇಯರ್ ಯುನೀಕ್ ವ್ಯಾಲ್ಯೂಸ್ ರಿಪೋರ್ಟ್ ಓಡಿಸು. ನೀರಿನ ಪಿಕ್ಸೆಲ್ ಎಷ್ಟು ಅಂತ ಎಣಿಸಿ ಕೊಡುತ್ತದೆ. ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. 100 ಚದರ ಮೀಟರ್. ನಮ್ಮ ಗುಂಟೆ 33 ಅಡಿಗೆ 33 ಅಡಿ, ಅಂದರೆ 101 ಚದರ ಮೀಟರ್ ಚಿಲ್ಲರೆ. ನನಗೆ ಇದು ಹೊಳೆದ ದಿನ ರಾತ್ರಿ ನಿದ್ದೆ ಬರಲಿಲ್ಲ: ಒಂದು ಪಿಕ್ಸೆಲ್ ಅಂದರೆ ಹತ್ತಿರ ಹತ್ತಿರ ಒಂದು ಗುಂಟೆ! ಸುಮಾರು 786 ಕಿಲೋಮೀಟರ್ ಮೇಲಿಂದ ಉಪಗ್ರಹ ಗುಂಟೆ ಲೆಕ್ಕದಲ್ಲಿ ನೋಡುತ್ತಿದೆ. ಎಣಿಕೆಯನ್ನು 40.47ರಿಂದ ಭಾಗಿಸು, ಎಕರೆ ಬರುತ್ತದೆ. ಸೂಳೆಕೆರೆ ಸುಮಾರು ಆರೂವರೆ ಸಾವಿರ ಎಕರೆ ಅಂತ ಹೇಳುತ್ತಾರೆ. ತುಂಬಿದ ವರ್ಷ ಅದರ ಆಸುಪಾಸು ಬಂದರೆ ದಾರಿ ಸರಿ ಇದೆ. ಅರವತ್ತು ಎಕರೆ ಬಂದರೆ ಮತ್ತೆ ಬಾ.

ಒಪ್ಪಿಸೋ ಮುಂಚೆ ನಿನಗೆ ಗೊತ್ತಿರೋ ಒಂದು ಜಾಗದ ಮೇಲೆ ಪರೀಕ್ಷೆ ಮಾಡು. ನಿಮ್ಮ ಹೊಲ, ತೋಟ ಯಾವುದಾದರೂ ಸರಿ. ದಿಶಾಂಕ್ ಆಪ್‌ನಲ್ಲಿ ಸರ್ವೆ ನಂಬರ್ ನೋಡಿ, ಉಪಗ್ರಹ ಚಿತ್ರದ ಮೇಲೆ ಬದುವಿನ ಗೆರೆ ಎಳೆದು, ಪಹಣಿ ಜೊತೆ ತಾಳೆ ಹಾಕು.

ಭದ್ರಾನಾಲೆ

ಲೇಯರಿಗೆ ಕನ್ನಡದಲ್ಲಿ ಹೆಸರು ಕೊಡೋ ಆಸೆ ಇದ್ದರೆ ಶೇಪ್‌ಫೈಲ್ ಬೇಡ ಮೇಡಂ, ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ. ಶೇಪ್‌ಫೈಲ್‌ನ ಕಾಲಂ ಹೆಸರಿಗೆ 10 ಬೈಟ್ ಮಾತ್ರ ಜಾಗ. ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಹೋಗುತ್ತದೆ. ನಾನು "ಕೆರೆಹೆಸರು" ಅಂತ ಕೊಟ್ಟಿದ್ದೆ, "ಕೆರ" ಅಂತ ಉಳಿಯಿತು.

ಅಡಿಕೆತೋಟ_ಚನ್ನಗಿರಿ

ಎಲ್ಲ ಸರಿಯಾಯಿತು! ಮಾರ್ಚ್ ಚಿತ್ರದಲ್ಲಿ ಗದ್ದೆಗಳು ಮಾಯ, ಕೆರೆ ಕೆರೆಯ ಜಾಗದಲ್ಲೇ ಇದೆ. ಎಕರೆ ಲೆಕ್ಕವೂ ನಂಬೋ ಹಾಗೆ ಬಂತು. ಕೋಟೆಕಲ್ಲು ಅಣ್ಣ, ಭದ್ರಾನಾಲೆ ಸರ್, ತುಂಬಾ ಥ್ಯಾಂಕ್ಸ್. ಮಂಡಕ್ಕಿ ಸರ್ ನಿಮಗೂ.

ನಮ್ಮ ಹೊಲದ ಮೇಲೆ ಪರೀಕ್ಷೆ ಮಾಡಿದೆ. ಪಹಣಿಯಲ್ಲಿ 4 ಎಕರೆ 10 ಗುಂಟೆ. ನನಗೆ 4 ಎಕರೆ 12 ಗುಂಟೆ ಬಂತು. ಅಪ್ಪನಿಗೆ ತೋರಿಸಿದ್ದೇ ತಪ್ಪಾಯಿತು, ಆ ಎರಡು ಗುಂಟೆ ಯಾರು ಒತ್ತಿಕೊಂಡಿದ್ದಾರೆ ಅಂತ ಕೇಳುತ್ತಿದ್ದಾರೆ.

ಕೋಟೆಕಲ್ಲು_ದುರ್ಗ

ಯಾರೂ ಒತ್ತಿಲ್ಲ ಅಂತ ಹೇಳಮ್ಮ. ಅಷ್ಟು ದೊಡ್ಡ ಹೊಲದ ಸುತ್ತಳತೆ ಐನೂರು ಮೀಟರ್ ದಾಟುತ್ತದೆ. ನೀನು ಗೆರೆ ಎಳೆಯುವಾಗ ಸುತ್ತ ಒಂದು ಮೊಳ ಆಚೆ ಹೋಗಿದ್ದರೂ ಎರಡು ಗುಂಟೆ ಬರುತ್ತದೆ. ಪಕ್ಕದ ಹೊಲದವರಿಗೆ ಮಾತ್ರ ಈ ನಕ್ಷೆ ತೋರಿಸಬೇಡಿ.